ಬಡೋದೆಯೋ ಮುಂಬಯಿಯೋ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ನರಗುಂದದ ನಮ್ಮ ಓಣಿಯಲ್ಲಿ ಸಂಜೆಯಾದರೆ ಒಂದಲ್ಲ ಒಂದು ಮನೆಯಿಂದ ಅಳುವ ದನಿ ಕೇಳುತ್ತಿತ್ತು. ನಮ್ಮ ಮನೆಯಿಂದ ಕೇಳುತ್ತಿದ್ದುದು ನಗು. ಅದಕ್ಕೇ ಓಣಿಯ ಹೆಂಗಸರು ಅವ್ವನನ್ನು ಪುಣ್ಯವಂತೆ ಎನ್ನುತ್ತಿದ್ದರು. ಅಪ್ಪನಿಗೆ ಶಿರೋಳದ ಕಡೆ ಎರೆಹೊಲ ಇತ್ತು, ಊರಲ್ಲಿ ಮರ್ಯಾದೆ ಇತ್ತು, ಸಾಲಿ ಕಮಿಟಿಯಲ್ಲಿ ಒಂದು ಕುರ್ಚಿ ಇತ್ತು. ಅವರು ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಎಲೆ ಅಡಿಕೆಯ ಚಟವೂ ಇಲ್ಲದ ಆ ಮನುಷ್ಯನಿಗೆ ಇದ್ದುದು ಚೇಷ್ಟೆಯ ಚಟ ಒಂದೇ. ಊಟಕ್ಕೆ ಪಡಸಾಲೆಯಲ್ಲಿ ಮೊದಲು ಅಪ್ಪ, ಪಕ್ಕದಲ್ಲಿ ಅವರ ತಾಯಿ ನಮ್ಮ ಆಯಿ, ಎದುರಿಗೆ ನಾನು ಮತ್ತು ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಶಾಂತಾ ಕೂರುತ್ತಿದ್ದೆವು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಅಡಿಗೆಮನೆಗೆ ಮೂರು ಕಡೆ ಗೇಣುಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಅಂಗೈ ಅಗಲದ ಒಂದು ಬೆಳಕಿಂಡಿ. ಮಳೆ ಬಂದರೆ ಅದನ್ನೂ ಕಲ್ಲು ಮುಚ್ಚಿ ಬಂದ್ ಮಾಡುತ್ತಿದ್ದರು. ಹೊಗೆಯಲ್ಲಿ ಅವ್ವ ಒಳಗೆ ಕೆಮ್ಮಿದರೆ ಅಪ್ಪ ಹೊರಗೆ ಕೂತು ಅದೇ ರಾಗದಲ್ಲಿ ಕೆಮ್ಮುತ್ತಿದ್ದರು. ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ರೊಟ್ಟಿ ಬರುತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ, ಪಂಚಮಿಯ ಮುನ್ನಾದಿನ, ಹೊಲದಿಂದ ಬಂದ ಅಪ್ಪ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಅಬ್ಬಿಗೇರಿಯಿಂದ ಅವ್ವನ ಅಣ್ಣ ಬಂಡಿ ಕಳಿಸುತ್ತಾನಂತೆ, ನಾಳೆ ಮುಂಜಾನೆ ಬರುತ್ತದೆ ಎಂದರು. ಅವ್ವ ಮೂರು ವರ್ಷದಿಂದ ತವರಿನ ಮುಖ ನೋಡಿರಲಿಲ್ಲ. ಮರುದಿನ ನಸುಕಿನಲ್ಲೇ ಮಿಂದು, ಶೇಂಗಾ ಉಂಡಿ ಡಬ್ಬಿಗೆ ತುಂಬಿ, ಸೀರೆಯ ಗಂಟು ಕಟ್ಟಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಳು. ಬಿಸಿಲು ಕಾಲಿಗೆ ಬಂತು, ಮಡಿಲಿಗೆ ಬಂತು, ಮತ್ತೆ ಗೋಡೆ ಹತ್ತಿ ಹೋಯಿತು. ತಾನು ಒಳಗೆ ಹೋದಾಗ ಬಂಡಿ ಬಂದುಬಿಟ್ಟರೆ ಎಂದು ನೀರು ಕುಡಿಯಲೂ ಅವಳು ಏಳಲಿಲ್ಲ. ಸಂಜೆ ಅಪ್ಪ ಬಂದು ರುಮಾಲು ಬಿಚ್ಚುತ್ತ ಕೇಳಿದರು:

“ಬಂಡಿ ಬರಲಿಲ್ಲೇನು? ಪಾಪ, ಎತ್ತಿಗೂ ಪಂಚಮಿ ಇರತೈತಲ್ಲ.”

ಬಂಡಿ ಎಂದೂ ಹೊರಟಿರಲೇ ಇಲ್ಲ ಎಂದು ಎಲ್ಲರಿಗೂ ಆಗ ತಿಳಿಯಿತು. ಆಯಿ ನಕ್ಕಳು, ದನ ಕಟ್ಟುವ ಆಳು ನಕ್ಕ. ಅಪ್ಪ ನನ್ನ ಕಡೆ ನೋಡುತ್ತಿದ್ದುದರಿಂದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅವ್ವ ಗಂಟು ಬಿಚ್ಚಿ ಸೀರೆಗಳನ್ನು ಟ್ರಂಕಿನಲ್ಲಿಟ್ಟು ರೊಟ್ಟಿಗೆ ಹಿಟ್ಟು ಕಲೆಸಲು ಕೂತಳು.

ಹೈಸ್ಕೂಲಿಗೆ ಹೋದ ಮೇಲೆ ನನಗೆ ಚಿತ್ರದ ಹುಚ್ಚು ಹಿಡಿಯಿತು. ನಮಗೆ ಡ್ರಾಯಿಂಗ್ ಕಲಿಸುತ್ತಿದ್ದವರು ಬಡಿಗೇರ ಮಾಸ್ತರು. ಬಡಗಿಯ ಮನೆಯಲ್ಲಿ ಹುಟ್ಟಿ, ಡ್ರಾಯಿಂಗ್ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಕೋಟು ಹಾಕಿಕೊಂಡು ಸೈಕಲ್ಲಿನ ಮೇಲೆ ಸಾಲಿಗೆ ಬರುತ್ತಿದ್ದ ಒಣಕಲು ಮನುಷ್ಯ. ತರಗತಿಯಲ್ಲಿ ಇದ್ದ ಮೂವರು ಹುಡುಗಿಯರಲ್ಲಿ ಇಬ್ಬರು ಹೂವಿನ ಕುಂಡ ಬರೆದರೆ ನಾನು ಮನೆ ಬರೆಯುತ್ತಿದ್ದೆ. ಒಮ್ಮೆ ನಮ್ಮ ಮನೆಯನ್ನೇ ನೂಲಿನಿಂದ ಅಳೆದು, ಮೇಲಿನಿಂದ ಹದ್ದು ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಬರೆದೆ. ಅಡಿಗೆಮನೆಯ ಹಿತ್ತಲ ಕಡೆಯ ಗೋಡೆಯಲ್ಲಿ ಎರಡು ಕಿಟಕಿ ಇಟ್ಟೆ, ಒಲೆಯನ್ನು ಮೂಲೆಯಿಂದ ಕಿಟಕಿಯ ಕೆಳಗೆ ಸರಿಸಿದೆ. ಮಾಸ್ತರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

“ಇದನ್ನ ಯಾರು ಹೇಳಿಕೊಟ್ರು?”

“ಯಾರೂ ಇಲ್ಲರಿ. ಅವ್ವ ಕೆಮ್ಮತಾಳ್ರಿ.”

“ಇದಕ್ಕ ಆರ್ಕಿಟೆಕ್ಚರ್ ಅಂತಾರ, ತಂಗಿ. ಗೌಂಡಿ ಮನಿ ಕಟ್ಟತಾನ. ಹ್ಯಾಂಗ ಕಟ್ಟಬೇಕು, ಒಳಗಿದ್ದವರು ಹ್ಯಾಂಗ ಉಸುರು ಆಡಬೇಕು ಅಂತ ಹೇಳಾವ್ರು ಬ್ಯಾರೆ ಇರತಾರ. ಅದನ್ನ ಕಲಸೂ ಕಾಲೇಜ ಅದಾವ.”

ಕಾಲೇಜು ಎಂಬ ಮಾತನ್ನು ನಾನು ಮನೆಗೆ ತಂದದ್ದು ಅಂದೇ. ಅಪ್ಪ ಮೊದಲು ನಗಲೂ ಇಲ್ಲ. ಆಗೂದಿಲ್ಲ ಎಂದು ಒಂದೇ ಮಾತು ಹೇಳಿ ಎದ್ದು ಹೋದರು. ನಾನು ಊಟ ಬಿಟ್ಟೆ. ಒಂದು ದಿನವಾಯಿತು, ಎರಡು ದಿನವಾಯಿತು. ಮೂರನೆಯ ದಿನ ಮುಂಜಾನೆ ಅಪ್ಪ ತಾವೇ ನನ್ನ ಹತ್ತಿರ ಬಂದು ಕೂತರು, ತಲೆಯ ಮೇಲೆ ಕೈ ಇಟ್ಟರು. ಅವರು ಹಾಗೆ ಕೈ ಇಟ್ಟ ನೆನಪು ನನಗೆ ಅದೊಂದೇ.

“ಮ್ಯಾಟ್ರಿಕ್ ಪಾಸ ಮಾಡು. ಕಳಸತೀನಿ. ಯಾವ ಕಾಲೇಜ ಅಂತ ನಾವೆಲ್ಲಾರೂ ಕೂಡೇ ನೋಡೂಣು.”

ನಾನು ಅಳುತ್ತ ಹಾಲು ಕುಡಿದೆ. ಅಡಿಗೆಮನೆಯಿಂದ ಲೋಟ ತಂದುಕೊಟ್ಟ ಅವ್ವ ನನ್ನ ಮುಖ ನೋಡದೆ ಒಳಗೆ ಹೋದಳು. ಅವಳಿಗೆ ಸಂತೋಷವಾಗಿಲ್ಲ, ಮಗಳು ಮುಂದೆ ಹೋಗುವುದು ಅವಳಿಗೆ ಬೇಡ ಎಂದುಕೊಂಡೆ. ಆ ಇಡೀ ವರ್ಷ ಅವಳ ಮೇಲೆ ನನಗೆ ಸಿಟ್ಟಿತ್ತು.

ಆ ವರ್ಷದಷ್ಟು ಸುಖ ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ಮಾಸ್ತರು ತಮ್ಮ ಗುರುತಿನವರಿಗೆಲ್ಲ ಕಾಗದ ಬರೆದು ಮೂರು ಕಾಲೇಜುಗಳ ಮಾಹಿತಿ ಪುಸ್ತಕ ತರಿಸಿಕೊಟ್ಟರು: ಮುಂಬಯಿಯದು, ಗುಜರಾತದ ಬಡೋದೆಯದು, ದಿಲ್ಲಿಯದು. ಊಟವಾದ ಮೇಲೆ ಅಪ್ಪ ಲಾಟೀನು ಹತ್ತಿರ ಎಳೆದುಕೊಂಡು ಅವನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಿದ್ದರು. ಮೂರರ ಗುಣಾವಗುಣ ತೂಗುವುದೇ ಮನೆಗೆಲ್ಲ ಹೊಸ ಆಟವಾಯಿತು. ಮುಂಬಯಿಯದು ಹಳೆಯದು, ಹೆಸರಾದದ್ದು, ಆದರೆ ಸಮುದ್ರದ ಹವೆಗೆ ಹುಡುಗಿ ಕರ್ರಗಾಗುತ್ತಾಳೆ. ದಿಲ್ಲಿಯ ಥಂಡಿಗೆ ರಜಾಯಿಯೇ ಬೇಕು, ಮೇಲಾಗಿ ಮೂರು ದಿನದ ಹಾದಿ. ಬಡೋದೆಯಲ್ಲಿ ಹುಡುಗಿಯರಿಗೆ ಬೇರೆ ವಸತಿ ಇದೆ, ಬಾಗಿಲಿಗೆ ಕಾವಲು ಇದೆ.

“ಬಡೋದ್ಯಾಗ ಬ್ಯಾಳ್ಯಾಗ ಬೆಲ್ಲಾ ಹಾಕತಾರಂತ,” ಆಯಿ ಹೇಳುತ್ತಿದ್ದಳು. “ಇಕಿ ಖಾರಿಲ್ಲದ ಹ್ಯಾಂಗ ಇರತಾಳು?”

“ಇಲ್ಲಿಂದ ಚಟ್ನಿ ಕುಟ್ಟಿ ಕಳಸೂಣಬೇ,” ಅಪ್ಪ ಹೇಳುತ್ತಿದ್ದರು. “ವರ್ಷಕ್ಕ ಎಷ್ಟು ಸೇರು ಬೇಕು, ಗಿರಿಜಾ? ಬರಕೊಂಡು ಇಡು.”

ನಾನು ಬರೆದುಕೊಳ್ಳುತ್ತಿದ್ದೆ. ಬೇಕಾಗುವ ಸೀರೆ ಎಷ್ಟು, ಚಾದರ ಎಷ್ಟು, ಬಡೋದೆಗೆ ಹೋಗುವಾಗ ಗಾಡಿ ಎಲ್ಲಿ ಬದಲಿಸಬೇಕು, ಎಲ್ಲವನ್ನೂ ಬರೆದಿದ್ದೆ. ಅಪ್ಪ ಒಂದೊಂದು ಸಲ ಮುಂಬಯಿಯ ಪಕ್ಷ ವಹಿಸಿ ನನ್ನ ಕೂಡ ವಾದ ಮಾಡುತ್ತಿದ್ದರು. ನಾನು ಬಡೋದೆ ಎಂದರೆ ಯಾಕೆ ಹೇಳು ಎನ್ನುತ್ತಿದ್ದರು. ನಾನು ಕಾರಣ ಕೊಟ್ಟರೆ ಗಂಭೀರವಾಗಿ ತಲೆದೂಗುತ್ತಿದ್ದರು. ಪಡಸಾಲೆಯಲ್ಲಿ ಒಬ್ಬ ಗಂಡಸು ನನ್ನ ಕಾರಣ ಕೇಳಿದ್ದು ಅದೇ ಮೊದಲು. ಹತ್ತಿ ಮಾರಾಟದ ಕೆಲಸಕ್ಕೆ ಬಂದವರ ಮುಂದೆ ನನ್ನನ್ನು ಕರೆದು, ‘ನಮ್ಮ ಇಂಜಿನಿಯರ್ ಬಾಯಿ’ ಎಂದು ತೋರಿಸುತ್ತಿದ್ದರು. ಅವರು ನನ್ನ ಹಾಳೆಗಳನ್ನು ನೋಡಿ ನಗುತ್ತಿದ್ದರು. ಅದನ್ನು ಮೆಚ್ಚುಗೆ ಎಂದು ತಿಳಿದಿದ್ದೆ.

ಕಡೆಗೆ ಬಡೋದೆ ಎಂದು ಗಟ್ಟಿಯಾಯಿತು. ಮ್ಯಾಟ್ರಿಕ್ ಪರೀಕ್ಷೆ ಮುಗಿದ ಮೇಲೆ ಮಾಸ್ತರು ಪಡಸಾಲೆಯ ಅಂಚಿನಲ್ಲಿ ಕೂತು ಅರ್ಜಿ ತುಂಬಿಸಿದರು. ಅಪ್ಪ ಪಾಲಕರ ಸಹಿ ಹಾಕಿದರು, ಕೆಳಗೆ ಎರಡು ಗೆರೆ ಎಳೆದರು. ಆಯಿ ಲಕೋಟೆಗೆ ಕುಂಕುಮ ಹಚ್ಚಿದಳು. ಹಾಳೆಗಳನ್ನೂ ಅರ್ಜಿಯನ್ನೂ ತಾವೇ ಟಪಾಲಿಗೆ ಹಾಕುವುದಾಗಿ ಹೇಳಿ ಅಪ್ಪ ರುಮಾಲು ಸುತ್ತಿಕೊಂಡು ಹೋದರು, ಬರುವಾಗ ಪೇಢೆ ತಂದರು. ಶಾಂತಾ ಎರಡು ತಿಂದಳು. ಮಾಸ್ತರರಿಗೂ ಅಪ್ಪ ತಮ್ಮ ಕೈಯಿಂದಲೇ ಒಂದು ಪೇಢೆ ಕೊಟ್ಟರು. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ತಿಂದದ್ದು ನೆನಪಿದೆ.

ಪಾಸಾದ ಸುದ್ದಿ ಬಂದ ವಾರವೇ ಗಜೇಂದ್ರಗಡದಿಂದ ಯಾರೋ ಬರುತ್ತಾರೆ ಎಂದು ಅಪ್ಪ ಹೇಳಿದರು. ಅರಿವೆ ಅಂಗಡಿಯವರು, ಗುಡ್ಡದ ಕೆಳಗೆ ಹೊಸ ಮನೆ ಕಟ್ಟಿಸುವವರಿದ್ದಾರೆ, ನಿನ್ನ ನಕಾಶೆ ನೋಡಬೇಕಂತೆ, ಎಲ್ಲ ತೆಗೆದಿಡು. ನಾನು ಎರಡು ದಿನ ಕೂತು ಅವರಿಗಾಗಿ ಹೊಸದೊಂದು ನಕಾಶೆ ಮಾಡಿದೆ. ಗುಡ್ಡದ ಕೆಳಗಿನ ಮನೆಗೆ ಪಡುವಣ ಬಿಸಿಲು ಬೇಗ ಮರೆಯಾಗುತ್ತದೆ ಎಂದು ಪಡಸಾಲೆಯನ್ನು ಮೂಡಣಕ್ಕೆ ತಿರುಗಿಸಿದೆ. ಇಳಕಲ್ ಸೀರೆ ಉಟ್ಟುಕೋ ಎಂದು ಆಯಿ ಹೇಳಿದಾಗಲೂ ನನಗೆ ಏನೂ ಅನ್ನಿಸಲಿಲ್ಲ. ನಾಲ್ಕು ಮಂದಿಯ ಮುಂದೆ ನಕಾಶೆ ಬಿಚ್ಚುವವಳು ನೆಟ್ಟಗೆ ಕಾಣಬೇಕಲ್ಲ ಎಂದುಕೊಂಡೆ.

ಇಬ್ಬರು ಗಂಡಸರು, ಒಬ್ಬಳು ದಪ್ಪನೆಯ ಹೆಂಗಸು ಬಂದಿದ್ದರು. ನಾನು ಜಮಖಾನದ ಮೇಲೆ ಹಾಳೆ ಹಾಸಿ, ಮೂಲೆಗಳಿಗೆ ಚೆಂಬು ಲೋಟ ಇಟ್ಟು, ಹೇಳತೊಡಗಿದೆ. ಇದು ತಲಬಾಗಿಲು, ಇದು ದೇವರ ಮನೆ, ಇಲ್ಲಿಂದ ಗಾಳಿ ಬಂದು ಇಲ್ಲಿಂದ ಹೋಗುತ್ತದೆ. ಗಂಡಸರು ಹಾಳೆ ನೋಡುತ್ತಿರಲಿಲ್ಲ. ಹೆಂಗಸು ಸರಿದು ಬಂದು ಹಾಳೆಯ ಮೇಲೆಯೇ ಮೊಣಕಾಲೂರಿ ನನ್ನ ಕೈ ಹಿಡಿದಳು, ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಿ ನೋಡಿದಳು.

“ಈ ಮಸಿ ತೊಳದ್ರ ಹೋಗತೈತಿಲ್ಲ?”

“ಹೋಗತೈತ್ರಿ,” ಆಯಿ ಹೇಳಿದಳು. “ಲಗ್ನಕ್ಕ ಅರಿಷಿಣ ಹಚ್ಚಿದ್ರ ಎಲ್ಲಾ ಹೋಗತೈತಿ.”

ನಾನು ಅಪ್ಪನ ಕಡೆ ನೋಡಿದೆ. ಅವರ ಬಲಗಡೆಯ ತುಟಿ ಒಂದಿಷ್ಟೇ ಮೇಲೇರಿತ್ತು. ಅವ್ವ ಬಂಡಿಗೆ ಕಾದ ದಿನ ಕಟ್ಟೆಯ ಹತ್ತಿರ ರುಮಾಲು ಬಿಚ್ಚುವಾಗಲೂ ಅದು ಹಾಗೆಯೇ ಏರಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಚಹಾದ ತಟ್ಟೆ ಹಿಡಿದು ನಿಂತಿದ್ದಳು, ಮುಂದೆ ಬಂದಿರಲಿಲ್ಲ.

ಆಗಲೇ ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ಬಡಿಗೇರ ಮಾಸ್ತರು ಒಳಗೆ ಬಂದರು. ಕೋಟು ಇರಲಿಲ್ಲ, ಅಂಗಿ ಬೆನ್ನಿಗೆ ಅಂಟಿತ್ತು, ಕೈಯಲ್ಲಿ ಒಂದು ಲಕೋಟೆ ಇತ್ತು. ಕೂತವರನ್ನು ಅವರು ಸರಿಯಾಗಿ ನೋಡಲೇ ಇಲ್ಲ.

“ಸಾವಕಾರ್ರ, ನಮ್ಮ ಅರ್ಜಿ ಮುಟ್ಟಿಲ್ಲಂತರಿ. ನಾ ಒಂದು ಕಾಗದ ಬರದು ಕೇಳಿದ್ದೆ, ಜವಾಬು ಬಂದೈತಿ. ಟಪಾಲಿನ್ಯಾಗ ಎಲ್ಲೋ ತಪ್ಪಿರಬೇಕು. ಇನ್ನ ಎಂಟು ದಿನಾ ಟೈಮ್ ಐತ್ರಿ. ಈಗ ಇನ್ನೊಂದು ಬರದು ಕೊಟ್ರ ನಾನ ಬಡೋದಿಗೆ ಒಯ್ದು ಕೊಟ್ಟು ಬರ್ತೀನಿ.”

ಗಜೇಂದ್ರಗಡದ ಹಿರಿಯ ಗಂಡಸು ಹುಬ್ಬು ಗಂಟಿಕ್ಕಿದ. ಯಾವ ಅರ್ಜಿ, ಯಾರ ಅರ್ಜಿ ಎಂದು ಕೇಳಿದ. ಅಪ್ಪ ಅವಸರ ಮಾಡಲಿಲ್ಲ. ಮಾಸ್ತರರನ್ನು ಕೂಡ್ರಿ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನನ್ನ ಕಡೆ ತಿರುಗಿ ಬಹಳ ಅಕ್ಕರೆಯಿಂದ ಹೇಳಿದರು:

“ಗಿರಿಜಾ, ಇವರು ಯಾರು ಅಂತ ಬಂದವರಿಗೆ ಹೇಳವಾ.”

ಆ ಗಳಿಗೆಯನ್ನು ನಾನು ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಹೆದರಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಆದರೆ ಅದಷ್ಟೇ ಅಲ್ಲ. ಆ ಪಡಸಾಲೆಯಲ್ಲಿ ನಗುವವರು ಒಂದು ಕಡೆ ಇದ್ದರು, ನಗೆಗೀಡಾಗುವವರು ಇನ್ನೊಂದು ಕಡೆ. ಒಂದು ವರ್ಷ ನಾನು ಯಾವ ಕಡೆ ಇದ್ದೆ ಎಂದು ಆಗಷ್ಟೇ ಗೊತ್ತಾಗಿತ್ತು. ಆ ಕಡೆ ಇನ್ನೊಂದು ಕ್ಷಣ ನಿಲ್ಲುವುದೂ ನನಗೆ ಬೇಡವಾಗಿತ್ತು. ತುಳಿದು ದಾಟಿ ಈಚೆ ಬರಲು ಒಬ್ಬ ಮನುಷ್ಯ ಎದುರಿಗೇ ನಿಂತಿದ್ದ.

“ಬಡಿಗ್ಯಾ,” ಎಂದೆ. “ತಲಬಾಗಲಾ ಸಡ್ಲ ಆಗೇತಿ. ನೋಡಾಕ ಬಂದಾನ.”

ಬಂದಾರ ಎನ್ನಬಹುದಿತ್ತು. ನಾಲಿಗೆ ಬಂದಾನ ಎಂದೇ ಅಂದಿತು. ಅಪ್ಪ ನಕ್ಕರು, ಹೊಟ್ಟೆಯೊಳಗಿಂದ ಎದ್ದು ಬಂದ ನಗು. ನಾನು ಆಡಿದ ಮಾತಿಗೆ ಅವರು ಅಷ್ಟು ಮನಸಾರೆ ನಕ್ಕಿದ್ದು ಅದೇ ಮೊದಲು, ಮತ್ತು ಆ ಸಂಕಟದಲ್ಲೂ ನನಗೆ ಅದು ಹಿತವೆನಿಸಿತು. ಮಾಸ್ತರು ನನ್ನನ್ನು ನೋಡಿದರು. ಹಾಸಿದ ಹಾಳೆಯನ್ನು, ಅದರ ಮೇಲೆ ಮೊಣಕಾಲೂರಿದ ಹೆಂಗಸನ್ನು, ನನ್ನ ಇಳಕಲ್ ಸೀರೆಯನ್ನು ನೋಡಿದರು. ಎಲ್ಲ ಅರ್ಥವಾಯಿತು ಎಂದು ಅವರ ಮುಖದಲ್ಲಿ ಕಂಡಿತು. ನಾನು ಯಾವ ಬೈಗುಳಕ್ಕೂ ತಯಾರಿದ್ದೆ. ಅವರು ಲಕೋಟೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು, ತಲಬಾಗಿಲಿಗೆ ಹೋದರು, ಕದವನ್ನು ಹಿಂದಕ್ಕೆ ಮುಂದಕ್ಕೆ ಎರಡು ಸಲ ಆಡಿಸಿದರು, ಕೂತು ಕೆಳಗಿನ ತಿರುಗಣಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಚಲೋ ಐತ್ರಿ,” ಎಂದರು. “ಏನೂ ಆಗಿಲ್ಲ.”

ಗಜೇಂದ್ರಗಡದವರಿಗೆ ಸಮಾಧಾನವಾಯಿತು. ಅರ್ಜಿ ಎಂದದ್ದು ಬಡಗಿಯ ಯಾವುದೋ ಕಟ್ಟಿಗೆಯ ವಿಷಯ ಎಂದು ಅವರು ತಿಳಿದುಕೊಂಡಿರಬೇಕು, ಮತ್ತೆ ಕೇಳಲಿಲ್ಲ. ಅವ್ವ ಚಹಾ ತಂದಿಟ್ಟಳು. ಲಗ್ನ ಗಟ್ಟಿಯಾಯಿತೆಂದು ಅಂದೇ ಸಕ್ಕರೆ ಹಂಚಿದರು.

ಅವರು ಹೋದ ಮೇಲೆ ನಾನು ಅಪ್ಪನ ಮುಂದೆ ಹೋಗಿ ನಿಂತೆ. ಬೈಯಬೇಕೆಂದೇ ಹೋಗಿದ್ದೆ. ಬಾಯಿಂದ ಬಂದದ್ದು ಒಂದೇ ಪ್ರಶ್ನೆ, ಅರ್ಜಿ ಎಲ್ಲಿದೆ ಎಂದು. ಅಪ್ಪ ಎದ್ದು ಗೋಡೆಯ ಗೂಡಿನಿಂದ ಕುಂಕುಮ ಹಚ್ಚಿದ ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟರು. ಬಚ್ಚಿಟ್ಟಿರಲೂ ಇಲ್ಲ. ನಾನು ದಿನವೂ ಕಸ ಹೊಡೆಯುವಾಗ ಕೈ ಚಾಚಿದರೆ ಸಿಗುವ ಗೂಡು ಅದು.

“ಒಂದು ವರ್ಷ ಅತ್ತೇನು? ಊಟಾ ಬಿಟ್ಟೇನು? ನಕ್ಕೋತ ಇದ್ದಿ. ನಾ ಏನು ಕಡಿಮಿ ಮಾಡೀನಿ, ಹೇಳು.”

ಅವರು ಅದನ್ನು ಚೇಷ್ಟೆಗೆ ಹೇಳಲಿಲ್ಲ. ನಿಜವಾಗಿಯೂ ಉತ್ತರ ಕೇಳುವವರ ಹಾಗೆ ನನ್ನ ಮುಖ ನೋಡಿದರು.

ಅಡಿಗೆಮನೆಗೆ ಹೋದೆ. ಅವ್ವ ಬೂದಿಯಿಂದ ಚಹಾದ ಕಪ್ಪು-ಬಸಿ ತಿಕ್ಕುತ್ತಿದ್ದಳು. ನಿನಗೆ ಗೊತ್ತಿತ್ತೇನು ಎಂದು ಕೇಳಿದೆ.

“ಎಲ್ಲಾರಿಗೂ ಗೊತ್ತಿತ್ತು. ನೀ ಊಟಾ ಬಿಟ್ಟಾಗ ನಿಮ್ಮ ಆಯಿನ ಹೇಳಿದ್ಳು. ಕರಾ ಹಟಾ ಮಾಡಿದ್ರ ಹಗ್ಗಾ ಜಗ್ಗಬಾರದು, ಹುಲ್ಲು ತೋರ್ಸಬೇಕು, ತಾನ ಗೋದಲಿಗೆ ಬರತೈತಿ ಅಂತ.”

“ನೀನರ ಹೇಳಬಾರದಿತ್ತೇನಬೇ?”

ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಕೆಮ್ಮಿದಳು. ಆಮೇಲೆ ಸಣ್ಣ ದನಿಯಲ್ಲಿ, ಯಾವ ಸಿಟ್ಟೂ ಇಲ್ಲದೆ ಹೇಳಿದಳು:

“ನನಗ ಒಂದ ದಿನಾ ಸಿಕ್ಕಿತ್ತು, ಕಟ್ಟಿ ಮ್ಯಾಲ ಕುಂತದ್ದು. ನಿನಗ ಒಂದು ವರ್ಷ ಸಿಕ್ಕೈತಿ. ಯಾಕ ಕಸಗೊಳ್ಳಬೇಕು ಅಂತ ಬಿಟ್ಟೆ.”

ಅವಳು ಅದನ್ನು ಕರುಣೆಯಿಂದ ಹೇಳಿದಳೋ, ನಾನು ಎಂಟು ವರ್ಷದವಳಿದ್ದಾಗ ನಕ್ಕ ನಗುವಿಗೆ ಅಂದು ಲೆಕ್ಕ ತೀರಿಸಿದಳೋ, ನನಗೆ ಇಂದಿಗೂ ಗೊತ್ತಿಲ್ಲ. ಎರಡೂ ಇದ್ದಿರಬಹುದು. ಲಕೋಟೆ ನನ್ನ ಕೈಯಲ್ಲೇ ಇತ್ತು. ಇನ್ನೂ ಎಂಟು ದಿನ ಉಳಿದಿದ್ದವು. ಶಾಂತಾಳ ಕೈಯಲ್ಲಿ ಕೊಟ್ಟು ಮಾಸ್ತರರ ಮನೆಗೆ ಕಳಿಸಿದ್ದರೆ ಅವರು ಬಡೋದೆಗೆ ಹೋಗಿಯೇ ಹೋಗುತ್ತಿದ್ದರು ಎಂದು ನನಗೆ ಗೊತ್ತಿತ್ತು. ಕಳಿಸಲಿಲ್ಲ. ಅವರ ಮುಖ ನೋಡಬೇಕಾಗುತ್ತದಲ್ಲ ಎಂಬ ನಾಚಿಕೆ ಬಡೋದೆಯ ಆಸೆಗಿಂತ ದೊಡ್ಡದಾಗಿತ್ತು. ಮರುದಿನ ಮುಂಜಾನೆ ಬೆಂಕಿ ಹೊತ್ತಿಸಲು ಕಾಗದ ಬೇಕು ಎಂದು ಅವ್ವ ಕೇಳಿದಾಗ ಲಕೋಟೆಯನ್ನು ಒಳಗಿನ ಹಾಳೆಗಳ ಸಮೇತ ಕೊಟ್ಟೆ. ಸಾಲಿ ಮತ್ತೆ ಶುರುವಾದಾಗ ಡ್ರಾಯಿಂಗ್ ಕಲಿಸಲು ಬೇರೆಯವರು ಬಂದರು. ಕಮಿಟಿಯಲ್ಲಿ ಯಾರು ಏನು ಹೇಳಿದರೋ ನಾನು ಅಪ್ಪನನ್ನು ಕೇಳಲಿಲ್ಲ. ಬಡಿಗೇರ ಮಾಸ್ತರು ಹೆಂಡತಿ ಮಕ್ಕಳನ್ನು ಕರೆದುಕೊಂಡು ರೋಣದ ಕಡೆ ಹೋದರಂತೆ. ಅವರನ್ನು ನಾನು ಮತ್ತೆ ನೋಡಲಿಲ್ಲ.

ಲಗ್ನಕ್ಕೆ ಹದಿನೈದು ದಿನ ಇದ್ದಾಗ ಆಯಿಗೆ ಜ್ವರ ಬಂತು. ದವಾಖಾನೆಯಿಂದ ಒಬ್ಬ ನರ್ಸಬಾಯಿ ಮನೆಗೆ ಬಂದು ಮೂರು ದಿನ ಇಂಜೆಕ್ಷನ್ ಕೊಟ್ಟು ಹೋದಳು. ಬಿಳಿಯ ಸೀರೆ, ಕೈಗಡಿಯಾರ, ಆಯಿಯನ್ನೇ ಗದರಿಸುವ ದನಿ. ಶಾಂತಾ ಅವಳ ಹಿಂದೆಯೇ ಸುತ್ತುತ್ತಿದ್ದಳು. ಜ್ವರ ಬಿಟ್ಟು ಆಯಿ ಮತ್ತೆ ಪಡಸಾಲೆಗೆ ಬಂದು ಊಟಕ್ಕೆ ಕೂತ ದಿನ ಶಾಂತಾ ತುತ್ತು ನುಂಗುತ್ತ ಹೇಳಿದಳು:

“ನಾ ನರ್ಸ ಆಗೂದಿಲ್ಲ. ನರ್ಸಿಗೆ ಹೇಳತಾರಲ್ಲ, ಆ ಡಾಕ್ಟರ ಆಗತೀನಿ.”

ಅಪ್ಪ ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ಬಲಗಡೆಯ ತುಟಿ ಒಂದಿಷ್ಟು ಏರಿತು.

“ಆಗವಾ. ಯಾಕಾಗಬಾರದು? ಯಾವ ಕಾಲೇಜಿಗೆ ಹಾಕೂಣು? ನಿಮ್ಮ ಅಕ್ಕನ್ನ ಕೇಳು, ಅಕಿಗೆ ಎಲ್ಲಾ ಗೊತ್ತೈತಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆಯಿ ಆಗಲೇ ಸೆರಗನ್ನು ಬಾಯಿಗೆ ತಂದಿದ್ದಳು. ಅಡಿಗೆಮನೆಯ ಬಾಗಿಲಲ್ಲಿ ಅವ್ವ ರೊಟ್ಟಿ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ತಲೆ ಇಷ್ಟೇ ಇಷ್ಟು, ಬೇಡ ಎನ್ನುವ ಹಾಗೆ ಅಲುಗಿತು. ನಾನು ಅದನ್ನು ಕಂಡೆ. ನನಗೆ ಹದಿನೇಳು ವರ್ಷ, ಇನ್ನು ಹತ್ತು ದಿನಕ್ಕೆ ಆ ಮನೆ ಬಿಡುವವಳಿದ್ದೆ, ಒಂದು ಮಾತು ಹೇಳಿದ್ದರೆ ನನಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

“ಪುಣೆ ಸಮೀಪ ಆಗತೈತಿ,” ಎಂದೆ. “ಆದ್ರ ಡಾಕ್ಟರಕಿ ಕಲಿಯೂದು ಅಂದ್ರ ಮುಂಬೈನ ಖರೇ. ಅಲ್ಲೆ ದವಾಖಾನಿ ದೊಡ್ಡೂವು.”

ಅಪ್ಪ ಸಮಾಧಾನದಿಂದ ತಲೆದೂಗಿದರು. ತಮ್ಮ ತಾಟಿನಿಂದ ಒಂದು ತುಂಡು ಬೆಲ್ಲ ತೆಗೆದು ನನ್ನ ತಾಟಿಗೆ ಹಾಕಿದರು. ಶಾಂತಾ ಉಣ್ಣುವುದನ್ನು ಅಲ್ಲಿಗೇ ಬಿಟ್ಟು, ಎಂಜಲು ಕೈಯನ್ನು ಉಟ್ಟಿದ್ದ ಪರಕಾರಕ್ಕೆ ಒರೆಸಿಕೊಂಡು ಒಳಗೆ ಓಡಿದಳು. ಪಾಟಿ, ಬಳಪ ತಂದು ನನ್ನ ತೊಡೆಗೆ ಅಂಟಿ ಕೂತಳು.

“ಒಂದೊಂದ ಹೇಳಕ್ಕಾ. ನಾ ಬರಕೋತೀನಿ.”

ನಾನು ಒಂದೊಂದೇ ಹೇಳಿದೆ. ಅವಳು ಮುಂಬಾಯಿ ಎಂದು ಬರೆದಿದ್ದಳು. ಬಾ ಅಲ್ಲ, ಬ ಎಂದು ತಿದ್ದಿಸಿದೆ.